ದಾಕ್ಷಿಣ್ಯಕ್ಕೆ ಕೊಂಡ ಪುಸ್ತಕ

ನಮ್ಮ ಶಾಲೆ ಇರುವ ಪೇಟೆಯಲ್ಲಿ ಈಗ ಸಿಗದ ವಸ್ತು ಇಲ್ಲ. ಮೊಬೈಲಿನ ಕವರಿನಿಂದ ಹಿಡಿದು ಮದುವೆ ಸೀರೆಯವರೆಗೆ ಎಲ್ಲ ಉಂಟು. ಸಂಜೆ ನಾಲ್ಕು ಗಂಟೆಗೆ ಬಸ್ಸಿಗೆ ಕಾಯುವ ಮಕ್ಕಳ ಕಣ್ಣೆದುರೇ ಮಿಠಾಯಿ, ಆಟದ ಕಾರು, ಬಣ್ಣಬಣ್ಣದ ನೀರಿನ ಬಾಟ್ಲಿ ನೇತಾಡುತ್ತಿರುತ್ತವೆ. ಸಿಗದಿರುವುದು ಒಂದೇ, ಕನ್ನಡದ ಕತೆಪುಸ್ತಕ. ಅದು ಬೇಕಾದರೆ ಕುಂಬಳೆಗೆ ಬಂದು, ಅಲ್ಲಿಂದ ಮಂಗಳೂರು ಬಸ್ಸು ಹತ್ತಿ, ತಲಪಾಡಿ ದಾಟಬೇಕು. ಮೂವತ್ತು ರೂಪಾಯಿಯ ಪುಸ್ತಕಕ್ಕೆ ಅದಕ್ಕಿಂತ ಹೆಚ್ಚು ಬಸ್ಸಿನ ದುಡ್ಡು, ಮೇಲೆ ಅರ್ಧ ದಿನದ ಕೆಲಸ ಹಾಳು. ಯಾರು ಹೋಗುತ್ತಾರೆ ಹೇಳಿ?

ನಮ್ಮದು ಕನ್ನಡ, ಮಲಯಾಳ ಎರಡೂ ಮಾಧ್ಯಮ ಇರುವ ಶಾಲೆ. ಕನ್ನಡ ವಿಭಾಗದಲ್ಲಿ ಇದ್ದವರು ನಾವು ನಾಲ್ವರು, ಮೂವರು ಟೀಚರುಗಳು, ಒಬ್ಬರು ಮಾಸ್ಟ್ರು. ಕನ್ನಡ ವಿಭಾಗ ಎಂದ ಮಾತ್ರಕ್ಕೆ ಮಕ್ಕಳೆಲ್ಲ ಮನೆಯಲ್ಲಿ ಕನ್ನಡ ಮಾತಾಡುವವರೆಂದು ತಿಳಿಯಬೇಡಿ. ಒಬ್ಬಳ ಮನೆಯಲ್ಲಿ ತುಳು, ಇನ್ನೊಬ್ಬನ ಮನೆಯಲ್ಲಿ ಬ್ಯಾರಿ, ಮತ್ತೊಬ್ಬಳ ಮನೆಯಲ್ಲಿ ಮರಾಟಿ. ಹವ್ಯಕರ ಮಕ್ಕಳಿದ್ದಾರೆ, ಕೊಂಕಣಿಯವರಿದ್ದಾರೆ, ಅಮ್ಮನ ಕಡೆಯಿಂದ ಮಲಯಾಳ ಕಲಿತವರೂ ಇದ್ದಾರೆ. ಇವರೆಲ್ಲರಿಗೂ ಪುಸ್ತಕದ ಕನ್ನಡ ಸಿಗುವುದು ಶಾಲೆಯಲ್ಲಿ ಮಾತ್ರ. ಪೇಟೆಯ ಬೋರ್ಡುಗಳಲ್ಲಿ ಅದು ಕಮ್ಮಿ, ಟಿವಿಯಲ್ಲಿ ಇದ್ದರೂ ಓದಲಿಕ್ಕೆ ಅಲ್ಲ. ಪಾಠಪುಸ್ತಕ ಮುಚ್ಚಿದರೆ ಕನ್ನಡವೂ ಮುಚ್ಚಿತು.

ನಮ್ಮಂಥ ಶಾಲೆಗಳಲ್ಲಿ ಇರುವವರಿಗೆ ಜೂನ್ ತಿಂಗಳ ಆ ಭಯ ಹೇಳಿ ತಿಳಿಸಬೇಕಾಗಿಲ್ಲ. ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್ ಉಳಿಯುವುದು ಅಥವಾ ಹೋಗುವುದು. ಆ ಆರು ದಿನ ನಾವು ಮಕ್ಕಳಿಗೆ ಪಾಠ ಮಾಡುವುದಕ್ಕಿಂತ ಮಕ್ಕಳನ್ನು ಲೆಕ್ಕ ಮಾಡುವುದೇ ಹೆಚ್ಚು. ಮಕ್ಕಳನ್ನು ಸೇರಿಸಲು ಮನೆಮನೆ ತಿರುಗಿದಾಗ ಅಪ್ಪ ಅಮ್ಮಂದಿರು ಕೇಳುವ ಮಾತೂ ಒಂದೇ. “ಕನ್ನಡ ಕಲಿತು ಮತ್ತೆ ಎಂತ ಮಾಡುದು ಟೀಚರೇ?” ಅದಕ್ಕೆ ನಮ್ಮ ಹತ್ತಿರ ಭಾಷಣ ಇತ್ತು, ಕೈಯಲ್ಲಿ ತೋರಿಸಲಿಕ್ಕೆ ಏನೂ ಇರಲಿಲ್ಲ.

2019ರ ಜೂನಿನಲ್ಲಿ ನಮ್ಮ ಕಣ್ಣು ತೆರೆಯಿತು. ಕೇರಳದ ಶಾಲೆಗಳಲ್ಲಿ ಜೂನ್ 19 ವಾಚನಾ ದಿನ. ಊರೂರಿನ ಗ್ರಂಥಾಲಯಗಳನ್ನು ಒಟ್ಟುಗೂಡಿಸಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನ ಅದು. ಆ ವಾರ ಏನಾದರೊಂದು ಕಾರ್ಯಕ್ರಮ ಆಗಲೇಬೇಕು. ನಾವು ಮೂರು ಮತ್ತು ನಾಲ್ಕನೆಯ ಕ್ಲಾಸಿನವರಿಗೆ ಹೇಳಿದೆವು, ನಾಳೆ ಬರುವಾಗ ಮನೆಯಿಂದ ಒಂದು ಕನ್ನಡ ಪುಸ್ತಕ ತನ್ನಿ, ಪಾಠಪುಸ್ತಕ ಬೇಡ, ಎಲ್ಲರೆದುರು ಒಂದು ಪುಟ ಓದಬೇಕು.

ಮರುದಿನ ತಂದದ್ದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಪಂಚಾಂಗ ಎರಡು. ಭಜನಾಮಂದಿರದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ನಾಲ್ಕು. ಅಜ್ಜನ ಕಾಲದ, ರಟ್ಟು ಹರಿದ ಯಕ್ಷಗಾನ ಪ್ರಸಂಗ ಒಂದು. ಮದುವೆ ಕಾಗದ ಒಂದು. ಅಣ್ಣನ ಹಳೆಯ ಪಾಠಪುಸ್ತಕಕ್ಕೆ ಬೈಂಡು ಹಾಕಿ “ಇದು ಪಾಠಪುಸ್ತಕ ಅಲ್ಲ ಸರ್” ಎಂದವನು ಒಬ್ಬ. ನಿಜವಾದ ಕತೆಪುಸ್ತಕ ತಂದವರು ಮೂವರು, ಮೂವರೂ ಮಾಸ್ಟ್ರುಗಳ ಅಥವಾ ಭಟ್ಟರ ಮನೆಯವರು. ಒಬ್ಬ ಹುಡುಗ ಬರಿಗೈಯಲ್ಲಿ ನಿಂತಿದ್ದ. ಏನೂ ಸಿಗಲಿಲ್ಲವಾ ಎಂದು ಕೇಳಿದರೆ, “ಕ್ಯಾಲೆಂಡರ್ ಉಂಟು ಟೀಚರ್, ಅದನ್ನು ಮೊಳೆಯಿಂದ ತೆಗಿಲಿಕ್ಕೆ ಅಮ್ಮ ಬಿಡ್ಲಿಲ್ಲ” ಎಂದ. ಮಕ್ಕಳೆಲ್ಲ ನಕ್ಕರು. ನಾವೂ ನಕ್ಕೆವು. ಸ್ಟಾಫ್ ರೂಮಿಗೆ ಬಂದ ಮೇಲೆ ಯಾರಿಗೂ ಮಾತು ಬರಲಿಲ್ಲ.

ಪಕ್ಕದ ಮಲಯಾಳ ಕ್ಲಾಸಿನಲ್ಲಿ ಅದೇ ದಿನ ಪುಸ್ತಕದ ರಾಶಿಯೇ ಇತ್ತು. ಹೊಟ್ಟೆಕಿಚ್ಚಿನಿಂದ ಹೇಳುವ ಮಾತಲ್ಲ ಇದು. ಅವರದು ಸುಮ್ಮನೆ ಬಂದ ಸಂಪತ್ತು ಅಲ್ಲ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಮಕ್ಕಳ ಪುಸ್ತಕ ಅಚ್ಚುಹಾಕಿ, ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ಹತ್ತಿಳಿದು ಮಾರಿದವರು. ಮಾರಿ ಬಂದ ದುಡ್ಡಿನಲ್ಲೇ ಅವರ ಜಾಥಾ, ಅವರ ಸಂಘಟನೆ. ಅವರ ‘ಯುರೀಕಾ’ ಎಂಬ ಮಕ್ಕಳ ಪತ್ರಿಕೆ ಶುರುವಾದದ್ದು 1970ರಲ್ಲಿ. ನಮ್ಮ ಶಾಲೆಯ ಮಲಯಾಳ ಮಾಷ್ ಒಬ್ಬರು ಯುವಕರಾಗಿದ್ದಾಗ ಹಾಗೆ ಚೀಲ ಹೊತ್ತವರು. ನಮ್ಮ ಮುಖ ನೋಡಿ ಅವರೇ ಹೇಳಿದರು, “ಪುಸ್ತಕ ಅಂಗಡಿಯಲ್ಲಿ ಕೂತರೆ ಮಕ್ಕಳ ಹತ್ತಿರ ಬರುದಿಲ್ಲ. ನೀವು ತೆಗೊಂಡು ಹೋಗ್ಬೇಕು.”

ನಮ್ಮಲ್ಲಿಯೂ ಈ ದಾರಿ ಹೊಸತಲ್ಲ. ಹಾವೇರಿ ಕಡೆಯ ಗಳಗನಾಥರು ಶಾಲಾ ಮಾಸ್ತರರಾಗಿದ್ದವರು, ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಇತ್ತ ನಮ್ಮ ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದರು. ಆಗ ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ಕ್ಕೆ ನಾವು ಈಚೆ ಆದೆವು, ಪುಸ್ತಕದಂಗಡಿ ಆಚೆ ಉಳಿಯಿತು. ಅಷ್ಟೆ.

ನಾಲ್ವರೂ ತಲಾ ಒಂದು ಸಾವಿರ ಹಾಕಿದೆವು. ಒಂದು ಶನಿವಾರ ಮಂಗಳೂರಿಗೆ ಹೋಗಿ ಅಂಗಡಿಯಲ್ಲಿ ಶಾಲೆಯ ಹೆಸರು ಹೇಳಿ, ಚೌಕಾಶಿ ಮಾಡಿ, ನೂರಕ್ಕೆ ಇಪ್ಪತ್ತು ರಿಯಾಯಿತಿ ಗಿಟ್ಟಿಸಿದೆವು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಆ ತಲೆಬಿಸಿಯೂ ಇರಲಿಲ್ಲ. ಆದರೆ ಆರಿಸುವಾಗ ಮಾಡಿದ ತಪ್ಪು ಮಾತ್ರ ನಮ್ಮದೇ. ಮಕ್ಕಳಿಗೆ ಏನು ಬೇಕೆಂದು ಯೋಚಿಸುವ ಬದಲು ಮಾಸ್ಟ್ರುಗಳಿಗೆ ಏನು ಒಳ್ಳೆಯದೆಂದು ಕಾಣುತ್ತದೋ ಅದನ್ನು ಆರಿಸಿದೆವು. ಮಹಾಪುರುಷರ ಜೀವನ ಚರಿತ್ರೆ, ನೀತಿಕತೆಗಳ ದಪ್ಪ ಸಂಪುಟ, ವಿಜ್ಞಾನಿಗಳ ಸಾಧನೆ... ತೆಳ್ಳಗಿನ ಚಿತ್ರದ ಪುಸ್ತಕಗಳನ್ನು ‘ಇದರಲ್ಲಿ ಓದಲಿಕ್ಕೆ ಎಂತ ಉಂಟು’ ಎಂದು ಬದಿಗೆ ತಳ್ಳಿದೆವು. ಚೀಲ ಭಾರ ಆದಷ್ಟೂ ನಮಗೆ ಸಮಾಧಾನ.

ಮೊದಲು ಶಾಲೆಯಲ್ಲೇ ರಕ್ಷಕರ ಸಭೆಯ ದಿನ ಮೇಜು ಹಾಕಿ ನೋಡಿದೆವು. ಸಭೆ ಮುಗಿದರೆ ಎಲ್ಲರಿಗೂ ಬಸ್ಸಿನ ಅವಸರ. ನಾಲ್ಕು ಪುಸ್ತಕ ಹೋಯಿತು. ಆಗ ಒಬ್ಬರು ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೇಳಿದರು, “ಇಲ್ಲಿ ಯಾರಿಗೂ ಪುರುಸೊತ್ತು ಇಲ್ಲ ಟೀಚರೇ. ನಮ್ಮ ಅಯಲ್‌ಕೂಟ ಆದಿತ್ಯವಾರ ನಮ್ಮ ಮನೆಯಲ್ಲಿ ಉಂಟು. ಅಲ್ಲಿಗೆ ಬನ್ನಿ, ಎಲ್ಲರೂ ಇರ್ತಾರೆ.”

ಕೇರಳದ ಹೊರಗಿನ ಓದುಗರಿಗಾಗಿ ಒಂದು ಮಾತು. 1998ರಲ್ಲಿ ಶುರುವಾದ ಕುಟುಂಬಶ್ರೀಯಲ್ಲಿ ಹತ್ತರಿಂದ ಇಪ್ಪತ್ತು ಮನೆಯ ಹೆಂಗಸರು ಸೇರಿದ ನೆರೆಹೊರೆಯ ಕೂಟವೇ ಅಯಲ್‌ಕೂಟ. ವಾರಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ, ಉಳಿತಾಯದ ಹಣ ಕಟ್ಟುತ್ತಾರೆ, ಬೇಕಾದವರು ಸಾಲ ಪಡೆಯುತ್ತಾರೆ. ಲೆಕ್ಕ ಬರೆಯಲು ಪುಸ್ತಕ, ಕೂರಲು ಜಗಲಿ, ಕುಡಿಯಲು ಚಾ, ಎಲ್ಲವೂ ಮೊದಲೇ ಸಿದ್ಧವಾಗಿರುವ ಕೂಟ ಅದು. ಇಷ್ಟು ವರ್ಷ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಆ ಆದಿತ್ಯವಾರ ಜಗಲಿಯಲ್ಲಿ ಚಾಪೆ ಹಾಸಿ ಪುಸ್ತಕ ಹರಡಿದೆವು. ಬೆಲ್ಲ ಹಾಕಿದ ಅವಲಕ್ಕಿ, ಚಾ ಬಂತು. ನಮ್ಮಲ್ಲಿ ಒಬ್ಬರು ಒಂದು ಕತೆ ಹೇಳಿದರು, ಇನ್ನೊಬ್ಬರು ಓದಿನ ಮಹತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಹದಿನಾಲ್ಕು ಮಂದಿ ಹೆಂಗಸರು ಬಹಳ ಮರ್ಯಾದೆಯಿಂದ ಕೇಳಿದರು. ಮತ್ತೆ ಒಬ್ಬೊಬ್ಬರೇ ಮುಂದೆ ಬಂದು ಪುಸ್ತಕ ತೆಗೆದುಕೊಂಡರು. ಯಾವುದು ಎಂದು ಗೊತ್ತಾಗದವರಿಗೆ ನಾವೇ ಆರಿಸಿ ಕೈಯಲ್ಲಿ ಇಟ್ಟೆವು. ಒಂದು ಗಂಟೆಯಲ್ಲಿ ಮೂವತ್ತೊಂದು ಪುಸ್ತಕ! ವಾಪಸು ಬರುವಾಗ ಚೀಲವೂ ಹಗುರ, ನಾವೂ ಹಗುರ. ದಾರಿಯುದ್ದಕ್ಕೂ ಮುಂದಿನ ವಾರ ಯಾವ ಮನೆ, ಅದರ ಮುಂದಿನ ವಾರ ಯಾವ ವಾರ್ಡು ಎಂದು ಲೆಕ್ಕ ಹಾಕಿದ್ದೇ ಹಾಕಿದ್ದು.

ಎರಡು ವಾರ ಕಳೆದಿರಬೇಕು. ನಾಲ್ಕನೆಯ ಕ್ಲಾಸಿನ ಒಬ್ಬಳು ಹುಡುಗಿ ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನಾವೇ ಆರಿಸಿ ಕೊಟ್ಟ ನೂರಿಪ್ಪತ್ತು ರೂಪಾಯಿಯ ಜೀವನ ಚರಿತ್ರೆ. ಮೇಲಿನ ಪ್ಲಾಸ್ಟಿಕ್ಕು ಹರಿದಿರಲಿಲ್ಲ. “ಇದನ್ನು ವಾಪಸು ತೆಗೊಳ್ತೀರಾ ಕೇಳ್ಲಿಕ್ಕೆ ಹೇಳಿದ್ದಾರೆ ಅಮ್ಮ. ಇಲ್ಲಾಂದ್ರೆ ಸಾರ ಇಲ್ಲವಂತೆ” ಎಂದಳು. ಅವಳ ದೃಷ್ಟಿ ನೆಲದ ಮೇಲೆ.

ಆ ಸಂಜೆ ನಾವು ಇಬ್ಬರು ಅವಳ ಮನೆಗೆ ಹೋದೆವು. ಅಮ್ಮ ಬೀಡಿ ಕಟ್ಟುತ್ತಾ ಕೂತಿದ್ದರು. ನಮ್ಮನ್ನು ಕಂಡು ಗೆರಸೆ ಬದಿಗಿಟ್ಟು ಎದ್ದರು, ಕುರ್ಚಿ ಒರೆಸಿದರು, ತಪ್ಪು ಮಾಡಿದವರ ಹಾಗೆ ನಿಂತರು. ಆ ದಿನ ಪುಸ್ತಕದ ಹಣವನ್ನು ಪಕ್ಕದ ಮನೆಯವರ ಹತ್ತಿರ ಕೈಸಾಲ ಮಾಡಿ ಕೊಟ್ಟಿದ್ದರಂತೆ. ಆ ವಾರ ಬ್ರಾಂಚಿನಲ್ಲಿ ಎಲೆ ಸರಿಯಾಗಿ ಸಿಗದೆ ಮಜೂರಿ ಕಮ್ಮಿ ಬಂತು, ಸಾಲ ಹಾಗೇ ನಿಂತಿತು. “ಬೇಡ ಅಂತ ಆಗಲೇ ಹೇಳ್ಬಹುದಿತ್ತಲ್ಲ ಅಕ್ಕ” ಎಂದೆವು.

“ಮಗಳ ಟೀಚರ್ ಮನೆಗೆ ಬಂದು ಕೈಯಲ್ಲಿ ಕೊಟ್ಟದ್ದನ್ನು ಬೇಡ ಹೇಳುದು ಹೇಗೆ?” ಎಂದರು ಅವರು.

ಎಷ್ಟು ಸರಳವಾದ ಮಾತು! ಅದು ನಮಗೆ ಹೊಳೆದೇ ಇರಲಿಲ್ಲ. ಹಣ ಕೊಟ್ಟು ಪುಸ್ತಕ ವಾಪಸು ತಂದೆವು. ಆಮೇಲೆ ಬೇರೆ ಕೆಲವು ಮನೆಗಳಿಗೂ ಹೋದೆವು, ಈ ಸಲ ಚೀಲ ಇಲ್ಲದೆ. ಒಂದು ಮನೆಯಲ್ಲಿ ನಮ್ಮ ಪುಸ್ತಕ ಶೋಕೇಸಿನ ಒಳಗೆ, ಮಗನಿಗೆ ಸಿಕ್ಕಿದ ಕಪ್ಪಿನ ಪಕ್ಕ ನಿಂತಿತ್ತು. ಇನ್ನೊಂದು ಮನೆಯಲ್ಲಿ ದೇವರ ಪಟದ ಹತ್ತಿರ. ಮೂರನೆಯ ಮನೆಯಲ್ಲಿ ಹುಡುಕಿ ಹುಡುಕಿ ಕಡೆಗೆ ಅಟ್ಟದಲ್ಲಿ ಸಿಕ್ಕಿತು. ಓದಿದ ಗುರುತು ಇದ್ದದ್ದು ತೀರಾ ಕಮ್ಮಿ ಪುಸ್ತಕಗಳಲ್ಲಿ. ಮೂವತ್ತೊಂದು ಪುಸ್ತಕ ಮಾರಿದೆವು ಎಂದು ಬೀಗಿದೆವಲ್ಲ, ನಾವು ಮಾರಿದ್ದು ಪುಸ್ತಕವನ್ನಲ್ಲ, ನಮ್ಮ ಮೇಲಿನ ಮರ್ಯಾದೆಯನ್ನು. ಟೀಚರಿಗೆ ಬೇಡ ಎಂದರೆ ಮಗುವಿನ ಮೇಲೆ ಅದು ತಿರುಗೀತು ಎಂಬ ಸಣ್ಣ ಹೆದರಿಕೆಯೂ ಅದರೊಳಗೆ ಇತ್ತು. ಕನ್ನಡದ ಮೇಲಿನ ಪ್ರೀತಿ ಎಂದು ನಾವು ತಿಳಿದದ್ದು ಬರೀ ದಾಕ್ಷಿಣ್ಯ.

ವಿಷಯ ತಿಳಿದ ನಮ್ಮ ಹೆಡ್‌ಮಾಸ್ಟ್ರು ಇನ್ನೊಂದನ್ನು ನೆನಪಿಸಿದರು. ಸರಕಾರದ ಸಂಬಳ ಪಡೆಯುವವರು ಖಾಸಗಿ ವ್ಯಾಪಾರ ಮಾಡುವಂತಿಲ್ಲ, ನಡತೆಯ ನಿಯಮ ಹಾಗೆ ಉಂಟು. ಒಂದು ಪೈಸೆ ಲಾಭ ಇಟ್ಟುಕೊಳ್ಳದಿದ್ದರೂ ಚೀಲ ನಮ್ಮ ಹೆಗಲಲ್ಲಿ ಇರುವುದು ಸರಿಯಲ್ಲ ಎಂದರು. ಆಗ ಸಿಟ್ಟು ಬಂದಿತ್ತು. ಈಗ ಅವರಿಗೆ ಕೈಮುಗಿಯಬೇಕು ಎನಿಸುತ್ತದೆ.

ನಿಲ್ಲಿಸಿಬಿಡೋಣ ಎಂದು ನಮ್ಮಲ್ಲಿ ಇಬ್ಬರು. ಇಲ್ಲ, ಮಾರುವವರು ಬದಲಾಗಲಿ ಎಂದು ಇನ್ನಿಬ್ಬರು. ಮೊದಲು ನಮ್ಮನ್ನು ಕರೆದ ಆ ಅಕ್ಕನ ಹತ್ತಿರವೇ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದೆವು. ಅವರು ಅಯಲ್‌ಕೂಟದ ಕಾರ್ಯದರ್ಶಿ. ಕಲಿತದ್ದು ಮಲಯಾಳ ಮಾಧ್ಯಮದಲ್ಲಿ ಹತ್ತನೆಯವರೆಗೆ, ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಕೇಳಿ ನಕ್ಕರು. “ನಮಗೆ ಆ ದಿನವೇ ಗೊತ್ತಿತ್ತು. ನಿಮ್ಮ ಉಮೇದು ನೋಡಿ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ” ಎಂದರು. ನೋಡಿ, ಅವರದೂ ದಾಕ್ಷಿಣ್ಯವೇ!

ಅವರೊಟ್ಟಿಗೆ ಕೂತು ಹೊಸ ಏರ್ಪಾಡು ಮಾಡಿದೆವು. ಬೇರೆ ಶಾಲೆಯವರಿಗೆ ಉಪಯೋಗ ಆದೀತೆಂದು ಅದನ್ನು ಇಲ್ಲಿ ಬರೆಯುತ್ತೇವೆ.

ಒಂದು, ಚೀಲ ಅಯಲ್‌ಕೂಟದ್ದು, ಇರುವುದು ಅವರ ಮನೆಯಲ್ಲಿ. ನಾವು ಮಂಗಳೂರಿಗೆ ಹೋದಾಗ ಪುಸ್ತಕ ತಂದುಕೊಡುವುದು ಮಾತ್ರ.

ಎರಡು, ಮಾರಾಟ ಇರುವ ದಿನ ಅಧ್ಯಾಪಕರು ಯಾರೂ ಆ ಜಗಲಿಗೆ ಹತ್ತಬಾರದು. ಯಾರು ಕೊಂಡರು, ಯಾರು ಕೊಳ್ಳಲಿಲ್ಲ ಎಂಬ ಪಟ್ಟಿ ನಮ್ಮ ಕಣ್ಣಿಗೆ ಬೀಳಲೇಬಾರದು.

ಮೂರು, ಎಲ್ಲ ಪುಸ್ತಕದ ಪ್ಲಾಸ್ಟಿಕ್ಕು ಮೊದಲೇ ಹರಿದಿಡುವುದು. ಮಕ್ಕಳು ಕೊಳ್ಳುವ ಮೊದಲು ಅಲ್ಲೇ ಪೂರ್ತಿ ಓದಬಹುದು. ಓದಿ ಮುಗಿಸಿ ಕೊಳ್ಳದೆ ಹೋದರೂ ಯಾರೂ ಏನೂ ಹೇಳುವಂತಿಲ್ಲ.

ನಾಲ್ಕು, ನೂರಕ್ಕೆ ಇಪ್ಪತ್ತು ರಿಯಾಯಿತಿಯಲ್ಲಿ ಹತ್ತು ಕೊಳ್ಳುವವರಿಗೆ, ಹತ್ತು ಚೀಲ ನೋಡಿಕೊಳ್ಳುವವರಿಗೆ. ಮೂವತ್ತರ ಪುಸ್ತಕಕ್ಕೆ ಅವರಿಗೆ ಸಿಗುವುದು ಮೂರು ರೂಪಾಯಿ. ಅದು ಅವರ ಹಕ್ಕು, ಧರ್ಮಕ್ಕೆ ಅಲ್ಲ.

ಐದು, ಐವತ್ತಕ್ಕಿಂತ ಹೆಚ್ಚು ಕ್ರಯದ ಪುಸ್ತಕ ಚೀಲದಲ್ಲಿ ಇರಬಾರದು. ಕಂತಿನಲ್ಲಿ ಕೊಡುವುದಾದರೆ ವಾರಕ್ಕೆ ಹತ್ತು, ಉಳಿತಾಯ ಕಟ್ಟುವ ದಿನವೇ. ಸಾಲ ಮಾಡಿ ಕೊಳ್ಳುವುದು ಬೇಡ.

ಎರಡನೆಯ ಶರತ್ತು ನಮಗೆ ಬಹಳ ಕಷ್ಟವಾಯಿತು ಎಂದು ಒಪ್ಪಿಕೊಳ್ಳಲೇಬೇಕು. ನಾವು ಇಲ್ಲದೆ ಯಾರು ಪುಸ್ತಕದ ಬಗ್ಗೆ ಹೇಳುತ್ತಾರೆ ಎಂಬ ಅಹಂಕಾರ ಬಿಡಲು ಹೊತ್ತು ಹಿಡಿಯಿತು.

ಹೇಳುವವರು ಬೇಕಾಗಲೇ ಇಲ್ಲ. ನಡೆದದ್ದು ಹೀಗೆ. ಮಧ್ಯಾಹ್ನದ ಮೇಲೆ ಆ ಅಕ್ಕನ ಜಗಲಿಯಲ್ಲಿ ನಾಲ್ಕೈದು ಮಂದಿ ಕೂತು ಬೀಡಿ ಕಟ್ಟುತ್ತಾರೆ. ಶಾಲೆ ಬಿಟ್ಟ ಮಕ್ಕಳು ಅಲ್ಲಿಗೇ ಬರುತ್ತಾರೆ. ಬೀಡಿ ಕಟ್ಟುವವರಿಗೆ ಕೈ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಚೀಲದಿಂದ ಪುಸ್ತಕ ತೆಗೆದು ಒಬ್ಬಳು ಗಟ್ಟಿಯಾಗಿ ಓದಲು ಶುರು ಮಾಡಿದಳಂತೆ. ತಪ್ಪಿದಲ್ಲಿ ಇನ್ನೊಬ್ಬ ತಿದ್ದಿದ. ನಗುವ ಜಾಗದಲ್ಲಿ ಅಮ್ಮಂದಿರು ನಕ್ಕರು, ತಿಳಿಯದ ಶಬ್ದ ಬಂದರೆ ತುಳುವಿನಲ್ಲಿ ಅರ್ಥ ಕೇಳಿದರು. ಮರುದಿನವೂ ಓದು ಎಂದರು. ಈ ಸುದ್ದಿಯನ್ನು ಮಲಯಾಳ ಮಾಷಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಕಣ್ಣೂರಿನಲ್ಲಿ 1969ರಲ್ಲಿ ಕಟ್ಟಿದ ದಿನೇಶ್ ಬೀಡಿ ಸಹಕಾರಿ ಸಂಘದಲ್ಲಿ ಕೆಲಸಗಾರರು ಹೀಗೇ ಮಾಡುತ್ತಿದ್ದರಂತೆ. ಒಬ್ಬರು ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು. ಓದಿದವರ ಪಾಲಿನ ಬೀಡಿಯನ್ನು ಉಳಿದವರು ಸೇರಿ ಕಟ್ಟಿಕೊಡುವುದೂ ಇತ್ತಂತೆ. ನಮ್ಮ ಜಗಲಿಯವರಿಗೆ ಈ ಚರಿತ್ರೆ ಗೊತ್ತಿರಲಿಲ್ಲ. ಕೆಲಸವೇ ಅವರಿಗೆ ಆ ದಾರಿ ತೋರಿಸಿತು.

ಯಾವ ಪುಸ್ತಕ ತರಬೇಕು ಎಂದು ಅಕ್ಕನೇ ಚೀಟಿ ಕಳುಹಿಸಲು ಶುರು ಮಾಡಿದರು. ದೊಡ್ಡ ಅಕ್ಷರ ಬೇಕು. ಒಂದು ಪುಟಕ್ಕೆ ಮೂರು ನಾಲ್ಕು ಸಾಲು ಸಾಕು. ಪ್ರಾಣಿ ಇದ್ದರೆ ಒಳ್ಳೆಯದು, ನಗು ಇದ್ದರೆ ಇನ್ನೂ ಒಳ್ಳೆಯದು. ‘ಕೊನೆಗೆ ಬುದ್ಧಿ ಹೇಳುವ ಕತೆ ಬೇಡ’ ಎಂದು ಒಂದು ಚೀಟಿಯಲ್ಲಿ ಇತ್ತು! ನಾವು ಬದಿಗೆ ತಳ್ಳಿದ ಆ ತೆಳ್ಳಗಿನ ಚಿತ್ರದ ಪುಸ್ತಕಗಳನ್ನೇ ಹುಡುಕಿಕೊಂಡು ಮತ್ತೆ ಹೋದೆವು. ನ್ಯಾಷನಲ್ ಬುಕ್ ಟ್ರಸ್ಟಿನವು, ಪ್ರಥಮ್ ಬುಕ್ಸಿನವು, ನವಕರ್ನಾಟಕದವು. ಕನ್ನಡ ಇಂಗ್ಲಿಷ್ ಎರಡೂ ಇರುವ ಪುಸ್ತಕ ಮೊದಲು ಖಾಲಿಯಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಮೊದಮೊದಲು ಅದು ನಮಗೆ ಚುಚ್ಚುತ್ತಿತ್ತು. ಮೇಲಿನ ಸಾಲಿನಲ್ಲಾದರೂ ಕನ್ನಡ ಉಂಟಲ್ಲ, ಮಗು ಮೊದಲು ಓದುವುದು ಅದನ್ನೇ, ಎಂದು ಸಮಾಧಾನ ಮಾಡಿಕೊಂಡೆವು.

ಪ್ರಥಮ್ ಬುಕ್ಸಿನವರು 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕತೆಗಳನ್ನು ಪುಕ್ಕಟೆಯಾಗಿ ಹಾಕಿದ್ದಾರೆ, ಕನ್ನಡದವೂ ಅದರಲ್ಲಿವೆ. ಮತ್ತೆ ಕೊಳ್ಳುವುದು ಯಾಕೆ ಎಂದು ಒಬ್ಬರು ಜಗಲಿಯಲ್ಲಿ ಕೇಳಿದರಂತೆ. ಉತ್ತರ ಕೊಟ್ಟದ್ದು ಇನ್ನೊಬ್ಬರು ತಾಯಿ. “ಮೊಬೈಲು ಅವರೊಟ್ಟಿಗೆ ಕೆಲಸಕ್ಕೆ ಹೋಗ್ತದೆ. ಪುಸ್ತಕ ಮನೆಯಲ್ಲಿ ಇರ್ತದೆ.” ಇಷ್ಟು ಚುಟುಕಾಗಿ ನಾವಾದರೆ ಹೇಳುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಎಲ್ಲ ನಿಂತಿತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ಆ ದಿನಗಳಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಜಿಲ್ಲೆಯವರು ಜೀವ ಕಳೆದುಕೊಂಡರು. ಅದರ ಎದುರು ಪುಸ್ತಕದ ಮಾತು ಆಡಲು ನಾಚಿಕೆಯಾಗುತ್ತದೆ. ನಾವು ಹಣ ಕಟ್ಟಿದ ಒಂದು ಕಟ್ಟು ಪುಸ್ತಕ ಅಂಗಡಿಯಲ್ಲೇ ತಿಂಗಳುಗಟ್ಟಲೆ ಉಳಿಯಿತು. ಜೂನ್ 1ರಿಂದ ಟಿವಿ, ಮೊಬೈಲುಗಳಲ್ಲಿ ಪಾಠ ಶುರುವಾಯಿತು. ನಮ್ಮ ಎಷ್ಟೋ ಮಕ್ಕಳಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡೆ ಹತ್ತಬೇಕು. ಆ ವರ್ಷ ಚೀಲದಲ್ಲಿ ಉಳಿದಿದ್ದ ಪುಸ್ತಕಗಳು ಮಾರಾಟಕ್ಕೆ ಅಲ್ಲ, ಓದಲಿಕ್ಕೆಂದು ಮನೆಯಿಂದ ಮನೆಗೆ ಹೋದವು. ಯಾರ ಮನೆಯಲ್ಲಿ ಯಾವುದು ಎಂದು ಉಳಿತಾಯದ ಪುಸ್ತಕದ ಕೊನೆಯ ಪುಟದಲ್ಲಿ ಅಕ್ಕ ಬರೆದಿಟ್ಟಿದ್ದರು, ಮಲಯಾಳ ಅಕ್ಷರದಲ್ಲಿ.

2022ರಲ್ಲಿ ಮತ್ತೆ ಶುರು ಮಾಡಿದಾಗ ನಮ್ಮ ಮೂಲ ಹಣದ ಅರ್ಧ ಹೋಗಿತ್ತು. ಪುಸ್ತಕಗಳು ಚಿಂದಿಯಾಗಿದ್ದವು. ಆ ಚಿಂದಿ ನೋಡಿ ನಮಗೆ ಆದ ಸಂತೋಷ ಹೇಳತೀರದು.

ಕಷ್ಟಗಳು ಈಗಲೂ ಇವೆ. ಆಟಿ ತಿಂಗಳ ಮಳೆಗೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಆಗ ಚೀಲವನ್ನು ಅಕ್ಕಿ ಖಾಲಿಯಾದ ಸ್ಟೀಲಿನ ಡ್ರಮ್ಮಿನಲ್ಲಿ ಮುಚ್ಚಿಡುತ್ತಾರೆ. ಆ ತಿಂಗಳು ಯಾರ ಕೈಯಲ್ಲೂ ಕಾಸು ಇರುವುದಿಲ್ಲ, ಮಾರಾಟಕ್ಕೆ ರಜೆ. ಮೊದಲು ಬೆಂಗಳೂರಿನಿಂದ ಅಂಚೆಯಲ್ಲಿ ಕಮ್ಮಿ ದರಕ್ಕೆ ಪುಸ್ತಕದ ಕಟ್ಟು ತರಿಸಬಹುದಿತ್ತು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕದ ಆ ಅಗ್ಗದ ದರವನ್ನು ನಿಲ್ಲಿಸಿದ ಮೇಲೆ, ಇಪ್ಪತ್ತೈದು ರೂಪಾಯಿಯ ಪುಸ್ತಕಕ್ಕೆ ಸಾಗಾಟವೇ ಭಾರವಾಯಿತು. ಯಾರಾದರೂ ಮಂಗಳೂರಿಗೆ ಹೋಗುವವರಿದ್ದರೆ ಕಾದು ಕೂರುತ್ತೇವೆ.

ಹಾಗಾದರೆ ಇದರಿಂದ ಡಿವಿಷನ್ ಉಳಿಯಿತೇ ಎಂದು ನೀವು ಕೇಳಬಹುದು. ಇಲ್ಲ. ಒಂದು ಜೂನಿನ ಆರನೆಯ ದಿನ ಲೆಕ್ಕ ತಪ್ಪಿತು, ನಮ್ಮಲ್ಲಿ ಒಬ್ಬರು ಬೇರೆ ಶಾಲೆಗೆ ಹೋಗಬೇಕಾಯಿತು. ಈಗ ನಾವು ಮೂವರು. ಪುಸ್ತಕ ಮಾರಿ ಶಾಲೆ ಉಳಿಸುತ್ತೇವೆ ಎಂಬ ಭ್ರಮೆ ನಮಗಿಲ್ಲ. ಆದರೆ “ಕನ್ನಡ ಕಲಿತು ಎಂತ ಮಾಡುದು” ಎಂದು ಕೇಳುವ ಮನೆಗೆ ಹೋದಾಗ ನಾವೀಗ ಭಾಷಣ ಮಾಡುವುದಿಲ್ಲ. ಆ ಜಗಲಿಯ ದಾರಿ ಹೇಳಿ, ಸಂಜೆ ಒಮ್ಮೆ ಹೋಗಿ ಕೂತು ಬನ್ನಿ ಎನ್ನುತ್ತೇವೆ. ಕೆಲವರು ಹೋಗುತ್ತಾರೆ.

ಕೊನೆಗೆ ಇನ್ನೊಂದು ಹೇಳಿ ಮುಗಿಸುತ್ತೇವೆ. ಪುಸ್ತಕ ವಾಪಸು ಕಳುಹಿಸಿದ ಆ ತಾಯಿಯನ್ನು ಕಳೆದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಡೆವು. ದೊಡ್ಡ ಮಗಳು ಹೈಸ್ಕೂಲು ಮುಗಿಸಿದ್ದಾಳೆ, ಚಿಕ್ಕವನು ಈಗ ನಮ್ಮ ಎರಡನೆಯ ಕ್ಲಾಸಿನಲ್ಲಿ. ಮಾತಿಗೆ ಮಾತು ಬಂದು, ಮೊನ್ನೆ ಚೀಲಕ್ಕೆ ಹೊಸ ಪುಸ್ತಕ ಬಂದ ವಿಷಯ ನಮ್ಮ ಬಾಯಿಯಿಂದ ಜಾರಿತು. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆವು.

ಅವರು ನಗುತ್ತಾ ಹೇಳಿದರು, “ನೋಡಿದೆ ಟೀಚರೇ. ಈ ಸಲದ್ದು ನಮಗೆ ಬೇಡ. ಅವನಿಗೆ ಆನೆಯದ್ದೇ ಬೇಕಂತೆ, ಅದರಲ್ಲಿ ಆನೆ ಇಲ್ಲ.”

ಬಸ್ಸು ಬಂತು, ಅವರು ಹತ್ತಿ ಹೋದರು. ನಮಗೆ ಎದುರಾಎದುರು ನಿಂತು ಅಷ್ಟು ಸಲೀಸಾಗಿ ‘ಬೇಡ’ ಎಂದರಲ್ಲ! ಮುಂದಿನ ಸಲ ಮಂಗಳೂರಿಗೆ ಹೋದಾಗ ಆನೆಯ ಪುಸ್ತಕ ಹುಡುಕಬೇಕು.